ಹನ್ನೊಂದು ಉಂಡಿ, ಗೊತ್ತಾಗದ ರುಚಿ

ಬಾಣಂತಿ ಮೊಮ್ಮಗಳಿಗೆಂದು ನಾನೇ ಕಟ್ಟಿದ್ದ ಅಂಟಿನ ಉಂಡಿಗಳನ್ನು ತಿಂದವಳೂ ನಾನೇ. ಮನೆಯವರಿಗೆ ಹೇಳಿದಂತೆ ನನಗೆ ದೃಷ್ಟಿ ತಾಗಿರಲಿಲ್ಲ, ಪಿತ್ತವೂ ಕೆರಳಿರಲಿಲ್ಲ. ನಿಂತಲ್ಲೇ ಹನ್ನೊಂದು ತಿಂದೆ. ಅದಕ್ಕೇ ವಾಂತಿಯಾಯಿತು.

ಅದು ಮೊದಲ ಸಲವೂ ಅಲ್ಲ. ಎಲ್ಲರ ಊಟ ಮುಗಿದು ಮನೆ ಸುಮ್ಮನಾದ ಮಧ್ಯಾಹ್ನ ನನ್ನ ಕೈ ಡಬ್ಬಿಗೆ ಹೋಗುತ್ತಿತ್ತು. ಹಸಿವಿರಲಿ ಬಿಡಲಿ, ಶುರು ಮಾಡಿದರೆ ತಳ ಕಾಣುವವರೆಗೆ ನಿಲ್ಲುತ್ತಿರಲಿಲ್ಲ. ಆಮೇಲೆ ಹೊಟ್ಟೆ ಕಲ್ಲು. ಮೇಲೆ ನಾಚಿಕೆ.

ಸೊಸೆ ಕಾಶವ್ವ ಡಬ್ಬಿಗೆ ಕೀಲಿ ಹಾಕಿದಳು. "ಅತ್ತಿ, ಸಿಟ್ಟಾಗಬ್ಯಾಡ್ರಿ. ಈ ಬಾಣಂತನ ನಾನ ನೋಡ್ಕೋತೇನಿ."

ಈ ಮನೆಯ ಬಾಣಂತನವೆಲ್ಲ ಮಾಡಿದ ಕೈ ನನ್ನದು.

ತಿಕೋಟಾದಿಂದ ಬಸ್ಸಿನಲ್ಲಿ ಅವಳೇ ನನ್ನನ್ನು ವಿಜಾಪುರದ ಡಾಕ್ಟರ ಹತ್ತಿರ ಕರೆದೊಯ್ದಳು. ಬಿ.ಪಿ. ನೋಡಿದರು, ಯೂರಿನ್ ಟೆಸ್ಟ್ ಮಾಡಿಸಿದರು. ಎರಡೂ ನಾರ್ಮಲ್.

"ಊಟ ಯಾವಾಗ ಮಾಡ್ತೀರಿ?"

"ಎಲ್ಲಾರದೂ ಆದ ಮ್ಯಾಗ. ಉಳಿದದ್ದು."

"ಏನು ತಿಂದ್ರಿ ಅಂತ ನೆನಪಿರತೈತೇನು?"

ನೆನಪಿರಲಿಲ್ಲ.

"ಹೊತ್ತಿಗೆ ಸರಿಯಾಗಿ ಕೂತು ಉಣ್ರಿ. ಬಾಯಾಗ ಏನೈತಿ ಅನ್ನೋದರ ಮ್ಯಾಲ ಗ್ಯಾನ ಇಡ್ರಿ," ಎಂದರು. ಒಂದು ಗುಳಿಗೆ ಕೂಡ ಕೊಡಲಿಲ್ಲ. ಇಷ್ಟು ಕೇಳಲು ಬಸ್ ಹತ್ತಿ ಬರಬೇಕಿತ್ತೇ ಎಂದು ನನಗೆ ಸಿಟ್ಟು ಬಂತು.

ಹಿಂದಿರುಗುವಾಗ ಗಾಂಧಿ ಚೌಕದಲ್ಲಿ ಜೋಳ ಕೊಳ್ಳಲು ನಿಂತೆವು. ಒಂದು ಕಾಳು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಮೆಲ್ಲಗೆ ಕಡಿದೆ. "ಹೋದ ವರ್ಷದ್ದು," ಎಂದೆ. ಅಂಗಡಿಯವನು ಬೇರೆ ಚೀಲ ಬಿಚ್ಚಿದ.

ಕಾಶವ್ವ ನಕ್ಕಳು. "ಒಂದು ಕಾಳಿಗೆ ಇಷ್ಟು ಗ್ಯಾನ ಕೊಡ್ತೀರಿ. ಉಂಡಿ ಏನು ಪಾಪ ಮಾಡೈತ್ರಿ?"

ಮನೆಗೆ ಬಂದವಳೇ ಡಬ್ಬಿಯಲ್ಲಿ ಉಳಿದಿದ್ದರಲ್ಲಿ ಒಂದು ಉಂಡಿ ಕೇಳಿದೆ. ಕೂತೆ. ಜೋಳ ಕಡಿದಂತೆಯೇ ಚೂರು ಕಡಿದು ನಾಲಿಗೆಯ ಮೇಲಿಟ್ಟುಕೊಂಡೆ. ಬೆಲ್ಲ ಬಂತು. ಅಂಟು ಕುರುಕ್ ಎಂದಿತು. ಉತ್ತತ್ತಿ. ಆಮೇಲೆ ಕೊಬ್ಬರಿ.

"ಕೊಬ್ಬರಿ ಕಮಟು!" ಎಂದೆ.

ಹನ್ನೊಂದು ತಿಂದರೂ ಗೊತ್ತಾಗಿರಲಿಲ್ಲ.

"ಆಯಿ, ಅದಕ್ಕ ನಾ ಒಂದು ಕಚ್ಚಿ ಹಂಗ ಇಟ್ಟೆ!" ಮೊಮ್ಮಗಳು ಕೂಸನ್ನು ಅವಚಿಕೊಂಡೇ ನಕ್ಕಳು. "ಕಟ್ಟಿದಾಕಿ ನೀನು. ಹೆಂಗ ಹೇಳ್ಲಿ?"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಕಾಶವ್ವ ಕೀಲಿಕೈ ನನ್ನ ಮಡಿಲಿಗೆ ಹಾಕಿ, "ಹೊಸಾವು ನೀವ ಕಟ್ರಿ. ಕೂಸಿನ ಎಣ್ಣಿ-ನೀರೂ ನಿಮ್ಮದ," ಎಂದಳು.

ಚಟ ಅಂದೇ ಬಿಟ್ಟಿತೆಂದು ಸುಳ್ಳು ಹೇಳಲಾರೆ. ಈಗಲೂ ಕೈ ಡಬ್ಬಿಯತ್ತ ಹೋಗುತ್ತದೆ. ಆದರೆ ಕೂತು ಕಡಿದರೆ ಒಂದು ಸಾಕಾಗುತ್ತದೆ; ಕೆಲವು ದಿನ ಎರಡು.

ವಿಜಾಪುರಕ್ಕೆ ಹೋಗಿಬಂದ ಮರುದಿನ ಬೆಳಿಗ್ಗೆ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಗಂಡಸರು ಇನ್ನೂ ಕೈ ತೊಳೆಯುತ್ತಿದ್ದರು. ನಾನು ಒಲೆಯ ಮುಂದೆ ತಾಟು ಇಟ್ಟುಕೊಂಡು ಕೂತೆ. ಮೊದಲ ಬಿಸಿ ರೊಟ್ಟಿಯನ್ನು ನನಗೇ ಹಾಕಿಸಿಕೊಂಡೆ.