ಗಾರ್ಡ್ ಸಾಹೇಬರ ಹೆಸರಿನ ಆಟಗಾರರು

ಹೆಬ್ಬೆರಳಿಗೆ ಹತ್ತಿದ ಅರಿಶಿನವನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಪಕ್ಕದ ಮನೆ ಅತ್ತೆ ನಮ್ಮ ಕಾರ್ಡುಗಳನ್ನು ಮುಟ್ಟುತ್ತಿದ್ದದ್ದು. ಅರವತ್ತರ ದಶಕದ ಯಶವಂತಪುರ. ಚ್ಯೂಯಿಂಗ್ ಗಮ್ ಕೊಂಡರೆ ಒಳಗೊಬ್ಬ ಆಟಗಾರನ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಅವನ ಹೆಸರು. ಕ್ರಿಕೆಟ್ಟಾಗಲಿ, ಹಾಕಿಯಾಗಲಿ, ಆಟಗಾರನ ಹೆಸರು ಅತ್ತೆಯ ಯಜಮಾನರದ್ದೇ ಆಗಿದ್ದರೆ ಆ ಕಾರ್ಡಿಗೆ ನಮಗೊಂದು ಕೋಡುಬಳೆ. ಬೇರೆ ಹೆಸರಿನವನು ಎಷ್ಟೇ ದೊಡ್ಡ ಶೂರನಾದರೂ ಅವರಿಗೆ ಬೇಡ.

ಯಜಮಾನರು ರೈಲ್ವೆ ಗಾರ್ಡ್. ಬೀದಿಗೆಲ್ಲ ಅವರು ಗಾರ್ಡ್ ಸಾಹೇಬರು; ಹೆಸರು ಬಾಗಿಲ ಫಲಕದ ಮೇಲೆ ಮಾತ್ರ. ಹೆಂಡತಿಯಂತೂ ಗಂಡನ ಹೆಸರು ಹೇಳುವ ಹಾಗಿಲ್ಲ. "ಅವ್ರಮ್ಮ ಹೋದ್ಮೇಲೆ ಆ ಹೆಸ್ರು ಕರೆಯೋರೇ ಇಲ್ಲ ಕಣೇ" ಎಂದು ಅತ್ತೆ ಒಮ್ಮೆ ನನ್ನೊಡನೆ ಹೇಳಿಕೊಂಡಿದ್ದರು. ಸಾಹೇಬರು ಡ್ಯೂಟಿಗೆ ಹೋದ ದಿನ ಆ ಕಾರ್ಡುಗಳನ್ನು ಕೂಡಿಟ್ಟ ಬಿಸ್ಕತ್ತಿನ ಡಬ್ಬಿ ಹೊರಬರುತ್ತಿತ್ತು. "ಓದೇ ಪುಟ್ಟಿ, ನಿಧಾನಕ್ಕೆ ಓದು." ನಾನು ಓದುತ್ತಿದ್ದೆ. ಅವರು ಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ಆ ಮುಖ ನೋಡಬೇಕಿತ್ತು!

ಒಂದು ದಿನ ಡಬ್ಬಿ ಸಾಹೇಬರ ಕಣ್ಣಿಗೆ ಬಿತ್ತು. ಹೆಸರು ಓದದೆ ಚಿತ್ರಗಳನ್ನಷ್ಟೇ ನೋಡಿ, ಹೆಂಡತಿಗೆ ಆಟದ ಹುಚ್ಚು ಹಿಡಿದಿದೆ ಎಂದುಕೊಂಡ ಆ ಪುಣ್ಯಾತ್ಮರು, ರೈಲು ನಿಂತ ಊರಿನಿಂದೆಲ್ಲ ಕಂಡ ಕಂಡ ಕಾರ್ಡು ತರತೊಡಗಿದರು. ಅತ್ತೆ ಅವನ್ನೆಲ್ಲ ನಮಗೆ ಹಂಚಿಬಿಟ್ಟರು. ಸಾಹೇಬರಿಗೆ ನೋವಾಯಿತು.

"ನಾನ್ ತಂದಿದ್ದು ಒಂದೂ ಬೇಡ್ವೇನೇ? ಯಾವ್ದು ಬೇಕು ಅಂತಾನಾದ್ರೂ ಹೇಳು."

ಅತ್ತೆ ಹೇಗೆ ಹೇಳಿಯಾರು! 'ನಿಮ್ಮ ಹೆಸರಿನವು' ಎನ್ನಲೂ ನಾಚಿಕೆ. ಸೆರಗಿನ ತುದಿ ತಿರುಚುತ್ತ ನಿಂತರು, ಕಣ್ಣು ತುಂಬಿತ್ತು. ನನಗೆ ತಡೆಯಲಾಗಲಿಲ್ಲ. ಡಬ್ಬಿ ತಂದು ಒಂದೊಂದೇ ಕಾರ್ಡನ್ನು ಗಟ್ಟಿಯಾಗಿ ಓದಿದೆ. ಸಾಹೇಬರ ಕೈಯ ಕಾಫಿ ಲೋಟ ಅಲ್ಲೇ ನಿಂತಿತು.

"ಎಲ್ಲಾ ನನ್ ಹೆಸ್ರೇ ಅಲ್ವೇನಮ್ಮ?"

ಅತ್ತೆ ಅಡುಗೆಮನೆಗೆ ಓಡಿದರು. ಆಮೇಲೆ ಸಾಹೇಬರು ಅಂಗಡಿಯವರನ್ನು ಕಾಡಿ ಬೇಡಿ ತಮ್ಮ ಹೆಸರಿನವರನ್ನೇ ಹುಡುಕಿ ತರುತ್ತಿದ್ದರು.

ನನ್ನ ಮದುವೆಯ ದಿನ ಅತ್ತೆ ಕಿವಿಯಲ್ಲಿ, "ನೀನು ಬಾಯ್ತುಂಬ ಹೆಸ್ರು ಹಿಡಿದೇ ಕರಿಯೇ, ಏನೂ ಆಗಲ್ಲ" ಎಂದರು. ಹಾಗೇ ಕರೆಯುತ್ತ ಬಂದಿದ್ದೇನೆ. ನಮ್ಮ ಕಡೆಯವರು ಏನೇ ಅಂದುಕೊಳ್ಳಲಿ, ಆ ಸುಖ ಅತ್ತೆ ಕೊಟ್ಟದ್ದು.

ಅವರು ಮಾತ್ರ ಒಮ್ಮೆಯೂ ಆ ಹೆಸರು ಹೇಳದೆ ಮುತ್ತೈದೆಯಾಗಿ ಹೋದರು. ವೈಕುಂಠ ಸಮಾರಾಧನೆ ಮುಗಿದ ಸಂಜೆ ಸಾಹೇಬರು ಡಬ್ಬಿಯನ್ನು ನನ್ನ ಕೈಗಿಟ್ಟರು. "ಅವ್ಳಿಗೆ ಓದ್ತಿದ್ದ ಹಾಗೇ ಒಂದ್ಸಲ ಓದಮ್ಮ."

ಓದಿದೆ. ಪ್ರತಿ ಹೆಸರಿಗೂ ಸಾಹೇಬರು, ಒಳಗಿನಿಂದ ಯಾರೋ ಕರೆದಂತೆ, "ಓ" ಎಂದರು.