ಮರಳ ದಿಬ್ಬದ ಮೇಲೆ ಮಾವ, ಅಳಿಯ

ಅಳಿಯ ಮೀನು ಹಿಡಿಯುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಾಂಬೂಲದಂತೆ ಮುಂದೆ ಚಾಚಿದರೆ ಮಾವನಾದವನು ಏನು ಮಾಡಬೇಕೆಂದು ನಮ್ಮ ಕಡೆಯ ಯಾವ ಹಿರಿಯರೂ ನನಗೆ ಹೇಳಿಕೊಟ್ಟಿರಲಿಲ್ಲ.

"ನಾಳೆ ಮುಂಜಾನಿ ಸಮುದ್ರಕ್ಕ ಹೋಗೂಣ್ರಿ ಮಾವಾರ. ನಿಮಗೇನು, ನೀವು ನೀರಿನ ಮಂದಿ."

"ಹೂಂ," ಅಂದೆ. ಬೇರೆ ಏನೂ ಅನ್ನುವಂತಿರಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ನಮ್ಮ ಮಗಳನ್ನು ಸೇಡಮ್ಮಿನ ಮನೆತನಕ್ಕೆ ಕೊಟ್ಟಿದ್ದೆವು. ಹುಡುಗನಿಗೆ ಬ್ಯಾಂಕಿನ ಕೆಲಸ, ಕಾರವಾರಕ್ಕೆ ವರ್ಗ. ನಾನು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗೋದಾಮೊಂದರಲ್ಲಿ ಲೆಕ್ಕ ನೋಡುವವನು. ದೀಪಾವಳಿ ಮುಗಿಯುತ್ತಲೇ ನಾವು ಗಂಡ ಹೆಂಡತಿ ಇಬ್ಬರೂ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ವಾಡಿಯಲ್ಲಿ ರೈಲು ಹತ್ತಿದೆವು. ಹತ್ತಿರದ ನಾಲವಾರ ಸ್ಟೇಷನ್ ದಾಟುವಷ್ಟರಲ್ಲಿ ನಾನು ಗ್ಯಾಸಿನ ಬಗ್ಗೆ, ಹಿತ್ತಲ ಬಾಗಿಲಿನ ಬಗ್ಗೆ, ನಲ್ಲಿಯ ಬಗ್ಗೆ ಕೇಳಿ ಮುಗಿಸಿದ್ದೆ.

"ಗ್ಯಾಸ್ ನಾನೇ ಬಂದ್ ಮಾಡೀನಿ," ಅಂದಳು ಹೆಂಡತಿ. "ನೀವು ಬಾಯಿ ಬಂದ್ ಮಾಡ್ರಿ. ಅಲ್ಲಿ ಹೋದ ಮ್ಯಾಲ ಅಳಿಯಾರು ಏನಂದ್ರೂ ಹೂಂ ಅನ್ರಿ. ನಿಮ್ಮ ಹೆದರಿಕಿ ಎಲ್ಲಾ ಗೋದಾಮಿನ್ಯಾಗ ಇಟ್ಟು ಬಂದೀನಿ ಅಂತ ತಿಳಕೋರಿ."

ಅಳಿಯನ ಮನೆ ಚಿಕ್ಕದು, ಮರ್ಯಾದೆ ಮಾತ್ರ ಬಹಳ ದೊಡ್ಡದು. ನಾನು ಕೂರದೆ ಅವನು ಕೂರುವುದಿಲ್ಲ, ಅವನು ಕೂರದೆ ನಾನು ಕೂರುವಂತಿಲ್ಲ. ಹೀಗಾಗಿ ಬಂದ ಮೊದಲ ಸಂಜೆ ನಾವಿಬ್ಬರೂ ಪಡಸಾಲೆಯ ನಡುವೆ ಬಸ್ಸಿಗೆ ಕಾಯುವವರಂತೆ ನಿಂತುಕೊಂಡೇ ಚಹಾ ಕುಡಿದೆವು. ಫ್ಯಾನಿನ ಗಾಳಿಗೆ ನನಗೆ ಕುತ್ತಿಗೆ ಹಿಡಿಯುತ್ತದೆ. ಮಾವನಿಗೆ ಸೆಕೆಯೆಂದು ಅವನು ಅದನ್ನು ಜೋರು ಮಾಡುತ್ತಾನೆ. ಅವನಿಗೂ ಗಾಳಿ ಆಗುವುದಿಲ್ಲವೆಂದು ಆಮೇಲೆ ಮಗಳು ಹೇಳಿದಳು. ಅಷ್ಟರಲ್ಲಿ ಇಬ್ಬರಿಗೂ ನೆಗಡಿ ಹತ್ತಿತ್ತು.

ಕಾರವಾರಕ್ಕೆ ಹೋದ ಮೇಲೆ ಅವನಿಗೆ ಈ ಗಾಳದ ಹುಚ್ಚು ಅಂಟಿಕೊಂಡಿತ್ತು. ಎರೆಹುಳು ಚುಚ್ಚಿ, ನೀರಿಗೆ ಬಿಟ್ಟು, ದಂಡೆಯಲ್ಲಿ ಕೂರುವ ಗಾಳವಲ್ಲ ಇದು. ಕೊಕ್ಕೆಗೆ ಕೋಳಿಯ ಗರಿ, ಬಣ್ಣದ ದಾರ ಸುತ್ತಿ ಸೀಗಡಿಯ ಮರಿಯಂತೆ ಮಾಡಿರುತ್ತಾರೆ. ಫ್ಲೈ ಅನ್ನುತ್ತಾರಂತೆ. ಅದಕ್ಕೆ ತೂಕವೇ ಇಲ್ಲ, ತೂಕವೆಲ್ಲ ದಪ್ಪನೆಯ ದಾರದಲ್ಲಿ. ಆ ದಾರವನ್ನು ಉದ್ದನೆಯ ಕೋಲಿನಿಂದ ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ ಬೀಸಿ ದೂರಕ್ಕೆ ಹಾಸಬೇಕು. ಇಷ್ಟೆಲ್ಲ ಮಾಡಿ ಹಿಡಿದ ಮೀನನ್ನು ಫೋಟೋ ತೆಗೆದು ಮತ್ತೆ ನೀರಿಗೆ ಬಿಡಬೇಕು.

"ಬಿಟ್ಟು ಬರೂದಾದ್ರ ಹಿಡಿಯೂದ್ಯಾಕ?" ಎಂದು ಹೆಂಡತಿ ಅಡುಗೆಮನೆಯಲ್ಲಿ ಮಗಳನ್ನು ಕೇಳುತ್ತಿದ್ದಳು.

"ಅವ್ವಾ, ಅದು ಆಟ."

"ಆಟ ಅಂತ ಮೀನಿಗೆ ಗೊತ್ತದ ಏನು?"

ನಮ್ಮದು ಕಾಗಿಣಾ ಹೊಳೆಯ ದಂಡೆಯ ಮನೆತನ ಎನ್ನುವುದು ನಿಜ. ಅಜ್ಜ ಬಲೆ ಬೀಸುತ್ತಿದ್ದ. ನನ್ನ ಕಾಲಕ್ಕೆ ಆ ಬಲೆ ಅಟ್ಟ ಸೇರಿ ಇಲಿಗಳ ಪಾಲಾಗಿತ್ತು. ನಾನು ಹಿಡಿದ ಮೀನೆಲ್ಲ ಸಂತೆಯಲ್ಲಿ ಹಿಡಿದದ್ದು. ಆದರೆ ಅಳಿಯನ ಕಣ್ಣಲ್ಲಿ ನಾನು ನೀರಿನ ಪಂಡಿತ. ಆ ನಂಬಿಕೆಯನ್ನು ಒಡೆಯುವ ಧೈರ್ಯವಾಗಲಿಲ್ಲ.

ಮರುದಿನ ಮುಂಜಾನೆ ಹೊರಟೆವು. ಕಾರವಾರದ ಹೊಳೆ ಸಮುದ್ರಕ್ಕೆ ಸೇರುವ ಕಡೆ ಉದ್ದಕ್ಕೆ ಒಂದು ಮರಳಿನ ದಿಬ್ಬ. ನಡುವೆ ಪಾದ ಮುಳುಗುವಷ್ಟು ನೀರಿನ ಕಾಲುವೆ. ದಾಟಿ ಹೋಗಿ ಚಪ್ಪಲಿಗಳನ್ನು ಒಣ ಮರಳಿನ ಮೇಲೆ ಜೋಡಿಸಿಟ್ಟು ಶುರು ಮಾಡಿದೆವು. ನನ್ನ ಮೊದಲ ಬೀಸಿಗೆ ಕೊಕ್ಕೆ ನನ್ನ ಟವೆಲಿಗೆ ಸಿಕ್ಕಿತು. ಮುಂದಿನದು ಅಳಿಯನ ತೋಳಿಗೆ.

"ಭಾರಿ ಬಿತ್ರಿ ಮಾವಾರ," ಅಂದ ಅವನು, ತೋಳಿನಿಂದ ಕೊಕ್ಕೆ ಬಿಡಿಸಿಕೊಳ್ಳುತ್ತ.

ಮೀನು ಬರಲಿಲ್ಲ. ಹೆಗಲು ಸೋತಿತು, ಸೊಂಟ ಹಿಡಿಯಿತು. ಸಾಕು ಅನ್ನಬೇಕು, ಆದರೆ ಅನ್ನುವುದು ಹೇಗೆ? ಕೋಲು ಒಂದೇ. ನಾನು ಬೀಸಿ ದಣಿದಾಗ ಅವನು, ಅವನು ಬೀಸಿದ ಮೇಲೆ ಮತ್ತೆ ನನಗೆ, ಎರಡೂ ಕೈಯಲ್ಲಿ.

"ಬಿಸಿಲು ಏರ್ಲಿಕತ್ತದ, ಅಲ್ಲೇನ್ರಿ?" ಅಂದೆ.

"ಹೌದ್ರಿ. ನನ್ನ ಟೋಪಿ ಕೊಡ್ಲೇನ್ರಿ?"

"ಮನ್ಯಾಗ ನಾಷ್ಟಾ ಮಾಡ್ಕೊಂಡು ಕಾಯ್ಲಿಕತ್ತಿರಬೇಕು."

"ಬಿಸಿ ಮಾಡಿ ಕೊಡ್ತಾರ್ರಿ. ನೀವು ಸಾವಕಾಶ ಹಿಡೀರಿ."

ಹಿಡಿದೆ. ನೀರು ಹಿಮ್ಮಡಿಯಿಂದ ಮೇಲೆ ಬಂದದ್ದು ತಿಳಿದಿತ್ತು, ಚಿಂತೆಯಾಗಲಿಲ್ಲ. ಜಗತ್ತಿನ ಎಲ್ಲದಕ್ಕೂ ಚಿಂತೆ ಮಾಡುವ ನಾನು ಆ ಒಂದಕ್ಕೆ ಮಾತ್ರ ಮಾಡಲಿಲ್ಲ, ಏಕೆಂದರೆ ಆಕಾಶ ನೋಡಿದ್ದೆ. ನಮ್ಮ ಕಾಗಿಣಾ ಏರಬೇಕಾದರೆ ತಾಂಡೂರಿನ ಕಡೆ ಮೋಡ ಕಟ್ಟಬೇಕು. ಮೇಲೆ ಮಳೆಯಾಗದೆ ಕೆಳಗೆ ನೀರು ಏರುವುದಿಲ್ಲ. ಇಲ್ಲಿ ಮೂಡಣಕ್ಕೂ ಪಡುವಣಕ್ಕೂ ಒಂದು ತುಣುಕು ಮೋಡವಿರಲಿಲ್ಲ. ಸಮುದ್ರದ ಉಬ್ಬರ ಇಳಿತ ಶಾಲೆಯಲ್ಲಿ ಓದಿದ್ದೆ, ಚಂದ್ರನ ಚಿತ್ರವನ್ನೂ ಬರೆದಿದ್ದೆ. ಆದರೆ ಅದು ಪರೀಕ್ಷೆಗೆ ಬರುವ ವಿಷಯ. ಮೊಣಕಾಲಿಗೆ ಬರುವ ವಿಷಯವೆಂದು ಹೊಳೆದಿರಲಿಲ್ಲ.

ಹೊಳೆದದ್ದು ನನ್ನ ಚಪ್ಪಲಿ ನನ್ನ ಮುಂದೆಯೇ ತೇಲಿಕೊಂಡು ಹೊರಟಾಗ. ತಿರುಗಿ ನೋಡಿದೆ. ನಾವು ದಾಟಿ ಬಂದ ಕಾಲುವೆ ಇರಲಿಲ್ಲ. ಅಲ್ಲಿ ಒಂದು ಹೊಳೆಯೇ ಇತ್ತು, ಅದೂ ಸಮುದ್ರದಿಂದ ಒಳಗಡೆಗೆ ಹರಿಯುವ ತಲೆಕೆಳಗಾದ ಹೊಳೆ. ದಂಡೆಯ ಮೇಲೆ ಒಂದು ನರಪಿಳ್ಳೆಯೂ ಇಲ್ಲ.

"ನೀರು ಏರ್ಲಿಕತ್ತದ ಏನ್ರಿ?"

"ಆಗಿಂದನೂ ಏರ್ಲಿಕತ್ತದ್ರಿ," ಅಂದ ಅಳಿಯ.

"ಮತ್ತ ಹೇಳಬಾರದೇನ್ರಿ?"

"ನೀವು ಭಾಳ ಖುಷಿಲೆ ಹಿಡೀಲಿಕತ್ತಿದ್ರಿ. ಹಿರೇರಿಗೆ ನಡೀರಿ ಅಂತ ಹ್ಯಾಂಗ ಅನ್ನೂದ್ರಿ? ನಿಮ್ಮ ಮಗಳೂ ಹೇಳಿ ಕಳಿಸ್ಯಾಳ್ರಿ, ಅಪ್ಪ ಸಾಕು ಅನ್ನೂತನಕ ನೀವು ಸಾಕು ಅನಬ್ಯಾಡ್ರಿ ಅಂತ."

"ನನಗ ನಿಮ್ಮ ಅತ್ತಿಯವರು ಅದನ್ನೇ ಹೇಳಿ ಕಳಿಸ್ಯಾರ."

ಸಮುದ್ರಕ್ಕೆ ಮಾತ್ರ ಯಾರೂ ಏನೂ ಹೇಳಿ ಕಳಿಸಿರಲಿಲ್ಲ.

"ಈಜು ಬರ್ತದಲ್ರಿ ನಿಮಗ?"

"ಇಲ್ರಿ."

"ಇಲ್ಲ ಅಂದ್ರ? ಪ್ರತಿ ಆಯಿತವಾರ ಬರ್ತೀರಂತ?"

"ನೀರು ಏರೂಕಿಂತ ಮೊದಲ ಹೊಂಟುಬಿಡ್ತೀನ್ರಿ. ಒಬ್ಬನೇ ಇರ್ತೀನಲ್ರಿ."

ಮಗಳ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಇವನನ್ನು ಈ ದಿಬ್ಬದಿಂದ ಆಚೆ ದಂಡೆಗೆ ಮುಟ್ಟಿಸದೆ ನಾನು ಅವಳ ಬಾಗಿಲಿಗೆ ಯಾವ ಮುಖ ಹೊತ್ತು ಹೋಗಲಿ? ಈಜನ್ನು ನಾನು ಕಲಿತದ್ದು ಚಿಕ್ಕಂದಿನಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಆಮೇಲೆ ಮೈ ತುಂಬ ನೀರು ಕಂಡದ್ದು ಬಚ್ಚಲಿನಲ್ಲಿ ಮಾತ್ರ. ಆದರೂ ನಿಂತಷ್ಟೂ ದಿಬ್ಬ ಕರಗುತ್ತಿತ್ತು. ಹಿಂದಿನಿಂದ ನನ್ನ ಹೆಗಲು ಹಿಡಿದುಕೊಳ್ಳಲು ಹೇಳಿ ನೀರಿಗಿಳಿದೆ.

ಸೊಂಟ, ಎದೆ. ನೀರು ಪಕ್ಕಕ್ಕೆ ನೂಕುತ್ತಿತ್ತು. ಕಾಲ ಕೆಳಗಿನ ಮರಳು ಬೆರಳ ಸಂದಿಯಿಂದ ಜಾರುತ್ತಿತ್ತು. ನನ್ನ ಹೆಗಲ ಮೇಲೆ ಒಂದೇ ಕೈ ಇರುವುದು ಆಗ ಗೊತ್ತಾಯಿತು. ಇನ್ನೊಂದರಲ್ಲಿ ಕೋಲು. ಬಿಚ್ಚಿಕೊಂಡ ದಾರ ನನ್ನ ಕಾಲಿಗೆ ಸುತ್ತಿ, ಅವನು ಕೋಲು ಎಳೆದಷ್ಟೂ ಬಿಗಿಯುತ್ತಿತ್ತು.

"ಕೋಲು ಬಿಡ್ರಿ."

"ಹೂಂ ರಿ," ಅಂದ. ಬಿಡಲಿಲ್ಲ. ಹೆದರಿದವನ ಮುಷ್ಟಿ ಬಿಚ್ಚುವುದಿಲ್ಲ.

"ಅಳಿಯಾರ, ಕೋಲು ಬಿಡ್ರಿ."

"ಹೂಂ ರಿ ಮಾವಾರ."

ಉಪ್ಪುನೀರು ಬಾಯಿಗೆ ಹೊಕ್ಕಿತು. "ಲೇ, ಬಿಡಲೇ ಅದನ್ನ," ಎಂದು ಕೂಗಿದೆ. "ಎರಡೂ ಕೈಲೆ ನನ್ನ ಹಿಡಿ."

ಬಿಟ್ಟ. ಎರಡೂ ಕೈಯಿಂದ ನನ್ನ ಕೊರಳು ಹಿಡಿದ, ಅದೂ ಮರ್ಯಾದೆಯೆಲ್ಲ ಬಿಟ್ಟು. ಕೆಲವು ಮಾರು ನೆಲ ಸಿಗಲಿಲ್ಲ. ನೀರು ನೂಕಿದ ಕಡೆಗೇ ಓರೆಯಾಗಿ ಕೈಕಾಲು ಬಡಿದೆ. ಅದನ್ನು ಈಜು ಅನ್ನಬಹುದೋ ಇಲ್ಲವೋ, ಕೊನೆಗೆ ಮೊಣಕಾಲು ಮರಳಿಗೆ ಬಡಿಯಿತು. ದಂಡೆಯ ಮೇಲೆ ಬಿದ್ದು ನೋಡಿದರೆ ಕೋಲು ದಾರದ ತುದಿಯಲ್ಲಿ ನನ್ನ ಕಾಲಿನ ಹಿಂದೆಯೇ ಬಂದಿತ್ತು. ಆ ದಿನ ಆ ಗಾಳಕ್ಕೆ ಸಿಕ್ಕ ಒಂದೇ ಜೀವ ನಾನು.

ಮನೆಗೆ ಹೋದಾಗ ಮಗಳು ನಮ್ಮಿಬ್ಬರ ಬಟ್ಟೆ ನೋಡಿದಳು, ಬರಿಗಾಲು ನೋಡಿದಳು. ಅಳಿಯ ಎಲ್ಲ ಹೇಳಿದ. ಅವಳು ಅವನ ಮೇಲೆ ಸಿಟ್ಟಾಗಲು ಹೋಗಿ ಅತ್ತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಪ್ಪಾ, ಊರಿನ ಕಾಳಜಿ ಎಲ್ಲಾ ನೀನೇ ಮಾಡ್ತಿ. ಕಾಲಾಗ ನೀರು ಬಂದದ್ದು ಕಾಣಲಿಲ್ಲೇನು?"

"ಮೋಡ ನೋಡ್ಲಿಕತ್ತಿದ್ದೆ," ಅಂದೆ.

ಮುಂದಿನ ಮಳೆಗಾಲದಲ್ಲಿ ನಾಗರ ಪಂಚಮಿಗೆ ಮಗಳು ತವರಿಗೆ ಬಂದಳು. ಕರೆದೊಯ್ಯಲು ಬಂದ ಅಳಿಯ ಚಹಾದ ಕಪ್ಪು ಕೆಳಗಿಡುತ್ತ, ಈಜು ಕಲಿಸುತ್ತೀರಾ ಎಂದು ಕೇಳಿದ. ಆಗದು ಅನ್ನಲು ಬಾಯಿ ಬರಲಿಲ್ಲ. ಕಾಗಿಣಾ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅದಕ್ಕೆ ಊರ ಹೊರಗೆ, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗೆ ಕರೆದುಕೊಂಡು ಹೋದೆ. ಪದರು ಪದರಾಗಿ ಫರ್ಸಿ ತೆಗೆದಿದ್ದರಿಂದ ದಂಡೆ ಮೆಟ್ಟಿಲಿನಂತಿದೆ, ಮೇಲಿನ ಮೆಟ್ಟಿಲುಗಳಲ್ಲಿ ನೀರು ಸೊಂಟದ ತನಕ ಮಾತ್ರ. ಆದರೂ ಹಾವು, ಪಾಚಿ, ಒಡೆದ ಬಾಟಲಿ ಎಲ್ಲವನ್ನೂ ನಾನು ಮೊದಲೇ ನೆನೆದು ಇಟ್ಟುಕೊಂಡಿದ್ದೆ.

ಹೊಟ್ಟೆಯ ಕೆಳಗೆ ಕೈಯೊಡ್ಡಿ ಅವನನ್ನು ತೇಲಿಸಿದೆ. ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ, ಕಾಲು ಬಡಿಯುತ್ತಿದ್ದ. ಅವನ ತುಟಿ ನೀಲಿಗಟ್ಟಿತ್ತು, ನನ್ನ ತೋಳು ಸೋತಿತ್ತು.

"ಸಾಕೇನ್ರಿ?" ಅಂದೆ.

"ನಿಮಗ ಸಾಕಾದ್ರ ಸಾಕ್ರಿ."

"ನನಗ ಸಾಕಾಗ್ಯಾದ," ಅಂದು ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದೆ.