ಹೆಗಲ ಮೇಲೆ ಮಲಗಿದವಳ ಹಾಡು

ಬರಗೂರಿನ ಮುದ್ದಪ್ಪನಿಗೆ ದನಿ ಕೊಟ್ಟಿದ್ದು ಕುರಿಮಂದೆ. ಕೆರೆಯಂಗಳದ ಈ ಕೊನೆಯಿಂದ ಆ ಕೊನೆಗೆ ಕುರಿಗಳನ್ನು ಕೂಗಿ ಕೂಗಿ ಅವನ ಗಂಟಲು ಒರಟಾಗಿತ್ತು. ಭಜನೆಯಲ್ಲಿ ಅವನು ಬಾಯಿ ತೆರೆದರೆ ಉಳಿದವರ ದನಿ ಮುಳುಗಿಹೋಗುತ್ತಿತ್ತು. "ಮೆತ್ತಗೆ ಹೇಳಲಾ" ಎಂದು ಹಿರಿಯರು ಗದರುತ್ತಿದ್ದರು.

ಆ ದನಿ ಮೆಚ್ಚಿದವನು ಶಿರಾದ ನಸ್ರುಲ್ಲಾ. ಬೆಂಗಳೂರಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುವಾಗ ಅವನಿಗೆ ಇಂಗ್ಲಿಷ್ ರೆಕಾರ್ಡುಗಳ ಹುಚ್ಚು ಹತ್ತಿತ್ತು. ಊರಿಗೆ ಬರುವಾಗ ಹಳೆಯ ಕರೆಂಟ್ ಗಿಟಾರೊಂದನ್ನು ತಂದು, ಕೆಟ್ಟ ರೇಡಿಯೋಗಳನ್ನು ಬಿಚ್ಚಿ ಅದಕ್ಕೊಂದು ದನಿ ಹೆಚ್ಚಿಸುವ ಪೆಟ್ಟಿಗೆ ಮಾಡಿಕೊಂಡ. ಮದುವೆ ಬ್ಯಾಂಡಿನ ಡ್ರಮ್ಮಿನವನನ್ನೂ ಮುದ್ದಪ್ಪನನ್ನೂ ಕರೆತಂದು ಆರ್ಕೆಸ್ಟ್ರಾ ಕಟ್ಟಿದ. ಅವರು ಬಾರಿಸಿದರೆ ಗಣಪತಿ ಪೆಂಡಾಲಿನ ತಗಡು ನಡುಗುತ್ತಿತ್ತು. ಹುಡುಗರು ಕುಣಿದು ಕುಪ್ಪಳಿಸುತ್ತಿದ್ದರು.

ಎಪ್ಪತ್ತೈದರ ಮಳೆಗಾಲದಲ್ಲಿ ಮುದ್ದಪ್ಪನ ಒಬ್ಬಳೇ ಮಗಳು, ನಾಲ್ಕು ವರ್ಷದ ಗಿರಿಯಮ್ಮ, ಜ್ವರದಲ್ಲಿ ಮಲಗಿದಳು. ಹೆಂಡತಿ ಭೀಮಕ್ಕನಿಗೂ ಅದೇ ಜ್ವರ, ಏಳಲು ತ್ರಾಣವಿರಲಿಲ್ಲ. ಹಳ್ಳ ತುಂಬಿ ಬಸ್ಸು ಬರಲಿಲ್ಲ. ಮಗಳನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಮುದ್ದಪ್ಪ ಶಿರಾದ ದಾರಿ ಹಿಡಿದ. ದಾರಿಯುದ್ದಕ್ಕೂ ಮಾತಾಡಿಸುತ್ತಲೇ ನಡೆದ. ಮೊದಮೊದಲು "ಊಂ" ಎನ್ನುತ್ತಿದ್ದಳು. ಆಮೇಲೆ ನಿದ್ದೆ ಹೋದಳೆಂದುಕೊಂಡ. ಶಿರಾದ ದೀಪಗಳು ಕಂಡಾಗ, "ಏಳವ್ವಾ, ಊರು ಬಂತು" ಎಂದು ಬೆನ್ನು ತಟ್ಟಿದ. ಮಗು ಏಳಲಿಲ್ಲ. ಅವಳು ಹೋದದ್ದು ಯಾವ ಹೊಲದ ಹತ್ತಿರ, ಯಾವ ಮರದ ಹತ್ತಿರ ಎಂಬುದು ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ.

ಅದಾದ ಮೇಲೆ ಅವನು ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಒಂದು ದಿನ ನಸ್ರುಲ್ಲಾ ಸುಮ್ಮನೆ ತಂತಿ ಮೀಟುತ್ತಾ ಕೂತಿದ್ದಾಗ ಮುದ್ದಪ್ಪನ ಬಾಯಿಂದ ಹಾಡು ಹೊರಟಿತು:

"ಹೆಗಲ ಮ್ಯಾಲೆ ಮಲಗಿದೋಳೆ, ಊರು ಬಂತು ಏಳೆ,
ಕಣ್ಣು ತೆರೆದು ದೀಪ ನೋಡೆ, ಊರು ಬಂತು ಏಳೆ."

ಮೆಲ್ಲಗೆ ಶುರುವಾಗುತ್ತಿದ್ದ ಹಾಡು ಹೋಗುತ್ತಾ ಹೋಗುತ್ತಾ ಏರುತ್ತಿತ್ತು. ಡ್ರಮ್ಮು ಸಿಡಿಯುತ್ತಿತ್ತು, ಗಿಟಾರು ಚೀರುತ್ತಿತ್ತು, "ಏಳೆ" ಎನ್ನುವ ಒಂದೇ ಮಾತನ್ನು ಮುದ್ದಪ್ಪ ಗಂಟಲು ಹರಿಯುವಂತೆ ಕೂಗುತ್ತಿದ್ದ. ಕೊನೆಯ ಸಾಲಿಗೆ ಎಲ್ಲ ವಾದ್ಯವೂ ನಿಲ್ಲುತ್ತಿತ್ತು: "ಊರು ಬಂತು, ನೀ ಬರಲಿಲ್ಲ." ಕುಣಿಯಲು ಬಂದ ಹುಡುಗರು ನಿಂತಲ್ಲೇ ನಿಂತುಬಿಡುತ್ತಿದ್ದರು.

ಭೀಮಕ್ಕ ಆ ಹಾಡು ಕೇಳಿದ್ದು ಒಮ್ಮೆ, ಮಧುಗಿರಿಯಲ್ಲಿ. "ಏಳೆ" ಎಂಬ ಕೂಗು ಶುರುವಾಗುತ್ತಲೇ ಎದ್ದು ಹೊರಟುಹೋದಳು. ಮನೆಗೆ ಬಂದ ಗಂಡನಿಗೆ, "ಜನದ್ ಮುಂದೆ ನನ್ ಮಗೀನ ಇನ್ನೆಷ್ಟು ಸಲ ಸಾಯಿಸ್ತೀಯ?" ಎಂದಳು. ಆದರೂ ಅವನಿಗೆ ಹಾಡುವುದನ್ನು ಬಿಡಲಾಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಗಿರಿಯಮ್ಮನ ಹೆಸರು ನಿಂತುಹೋಯಿತು.

ಕೂಗಿ ಕೂಗಿ ಅವನ ಗಂಟಲಿನಲ್ಲಿ ಗಂಟಾಯಿತು. ತುಮಕೂರಿನ ಡಾಕ್ಟರು ಹಾಡು ಬಿಡಬೇಕೆಂದರು. ಬಿಡುವ ಹೊತ್ತಿಗೆ ಪಿಸುದನಿಯಷ್ಟೇ ಉಳಿದಿತ್ತು. ಆರ್ಕೆಸ್ಟ್ರಾ ಚದುರಿತು. ಮುದ್ದಪ್ಪ ಶಿರಾದ ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಮೂಟೆ ಹೊರಲು ಸೇರಿಕೊಂಡ.

ಎಂಬತ್ತಾರರಲ್ಲಿ ನಸ್ರುಲ್ಲಾ ಒಂದು ಭಾನುವಾರ ಟೇಪ್ ರೆಕಾರ್ಡರ್ ಹಿಡಿದು ಬರಗೂರಿಗೆ ಬಂದ. ಮುಖ ಕೆಂಪಾಗಿತ್ತು.

"ಅರೇ ಮುದ್ದಣ್ಣಾ, ನಮ್ ಹಾಡು ಕದ್ಬುಟ್ಟವ್ರೆ! ಕೇಳಿಲ್ಲಿ."

ಕ್ಯಾಸೆಟ್ಟಿನಲ್ಲಿ ಬೆಂಗಳೂರಿನ ಗಾಯಕಿಯೊಬ್ಬಳು ಹಾಡುತ್ತಿದ್ದಳು. ಹಾಲಿನಂಥ ದನಿ, ಕೊಳಲು, ಸಣ್ಣ ಗೆಜ್ಜೆ. ಯಾವುದೋ ಪೆಂಡಾಲಿನಲ್ಲಿ ಯಾರೋ ರೆಕಾರ್ಡ್ ಮಾಡಿಕೊಂಡ ಟೇಪು ಕೈಯಿಂದ ಕೈಗೆ ಸಾಗಿ ಅವರಿಗೆ ಸಿಕ್ಕಿರಬೇಕು. ಕೂಗೂ ಇರಲಿಲ್ಲ, ಕೊನೆಯ ಸಾಲೂ ಇರಲಿಲ್ಲ. "ಊರು ಬಂತು ಏಳೆ" ಎಂದು ಮುದ್ದು ಮಾಡಿ ಹಾಡು ಮುಗಿಯುತ್ತಿತ್ತು. ಮೇಲಿನ ಕಾಗದದಲ್ಲಿ 'ಜೋಗುಳ, ಜಾನಪದ' ಎಂದು ಅಚ್ಚಾಗಿತ್ತು.

ರಾಗಿಹಿಟ್ಟಿನ ಕೈಯಲ್ಲೇ ಭೀಮಕ್ಕ ಬಾಗಿಲಿಗೆ ಬಂದು ನಿಂತಳು. ಈ ಸಲ ಹೊರಟುಹೋಗಲಿಲ್ಲ.

"ಇನ್ನೊಂದ್ಸಲ ಹಾಕು ನಸ್ರುಲ್ಲಣ್ಣ."

ಮತ್ತೆ ಹಾಕಿದ. ಅವಳು ಟೇಪಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಪದಪದವನ್ನೂ ಕೇಳಿದಳು. ಮುಗಿದ ಮೇಲೆ ಗಂಡನ ಕಡೆ ತಿರುಗಿ, "ಇದು ನೀನ್ ಹೇಳ್ತಿದ್ದ ಹಾಡೇ ಅಲ್ವಾ? ನಮ್ ಗಿರೀದು?" ಎಂದಳು. ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ಆ ಹೆಸರು.

"ಹೂಂ."

"ಅವತ್ತು ನಾನು ಪೂರಾ ಕೇಳ್ನಿಲ್ಲ. ಕೊನೀಗೆ ಮಗು ಏಳ್ತದಾ?"

ನಸ್ರುಲ್ಲಾ ತಲೆ ತಗ್ಗಿಸಿದ. ಮುದ್ದಪ್ಪ ಗುಂಡಿ ಒತ್ತಿ ಟೇಪು ನಿಲ್ಲಿಸಿದ.

"ಹಾಡು ಅಲ್ಲಿಗೇ ಮುಗೀತದೆ ಕಣೆ," ಎಂದ ಪಿಸುದನಿಯಲ್ಲಿ. "ಅಪ್ಪ ಕರೀತಾನೆ. ಅಷ್ಟೇಯ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ನಸ್ರುಲ್ಲಾ ಗೆಳೆಯನನ್ನು ಹೊರಗೆ ಕರೆದೊಯ್ದು ತೋಳು ಹಿಡಿದ. "ನಾಳೆ ಬೆಂಗಳೂರಿಗೆ ಹೋಗಾಣ. ನಮ್ ಹಾಡು ಅಂತ ಕೇಳಾಣ. ಪೂರಾ ಹಾಡು ತೋರ್ಸಾಣ."

"ಬ್ಯಾಡ ಬುಡು."

"ಯಾಕ್ ಬ್ಯಾಡ? ನಿನ್ ಗಂಟ್ಲೇ ಹೋಯ್ತಲ್ಲ ಇದಕ್ಕೆ!"

ಮುದ್ದಪ್ಪ ಬೀದಿಯಾಚೆ ಕೈ ತೋರಿಸಿದ. ಎದುರುಮನೆ ರಾಮಾಂಜಿನಮ್ಮನ ಸೊಸೆ ಜಗಲಿಯ ಮೇಲೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡಿದ್ದಳು. "ರೇಡಿಯೋದಾಗೆ ಬಂದಾಗಿಂದ ಆ ಹುಡ್ಗಿ ಇದನ್ನೇ ಹಾಡಿ ಮಗೀನ ಮಲಗಿಸ್ತಾಳೆ. ನಂಗೂ ವಾರದಿಂದ ಗೊತ್ತು. ಅದು ಸತ್ತ ಮಗೀನ ಹಾಡು ಅಂತ ನಾನು ಹೆಂಗ್ ಹೇಳ್ಲಿ?"

ನಸ್ರುಲ್ಲಾನ ಸಿಟ್ಟು ಇಳಿಯಲಿಲ್ಲ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ. ಆದರೆ ಕ್ಯಾಸೆಟ್ಟನ್ನೂ ಟೇಪನ್ನೂ ಭೀಮಕ್ಕನಿಗೆಂದು ಅಲ್ಲೇ ಬಿಟ್ಟುಹೋದ. ಮುಂದಿನ ರಂಜಾನಿನವರೆಗೆ ಆ ಕಡೆ ತಲೆ ಹಾಕಲಿಲ್ಲ.

ಭೀಮಕ್ಕ ಹಾಡು ಕಲಿತಳು. ಕಲ್ಲು ಆರಿಸುವಾಗ, ಸಗಣಿ ತಟ್ಟುವಾಗ ಗುನುಗುತ್ತಿದ್ದಳು. ಬರಬರುತ್ತಾ ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನೇ ಕರೆಯತೊಡಗಿದರು. ಅಂಥ ಮನೆಗಳಲ್ಲಿ ಮುದ್ದಪ್ಪ ಗಂಡಸರ ಜೊತೆ ಅಂಗಳದಲ್ಲಿ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದ. ಒಳಗೆ ಹಾಡು ನಿಂತಾಗ ಅವನ ತುಟಿ ಮಾತ್ರ ಇನ್ನೊಂದು ಸಾಲಿನಷ್ಟು ಅಲ್ಲಾಡುತ್ತಿತ್ತು. ಪಕ್ಕದಲ್ಲಿದ್ದವರು ಎಲೆ ಅಗಿಯುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.